ಪ್ರೋಗ್ರಾಮಿನ ಹೊಟ್ಟೆಯೊಳಗಿನ ಹೆಸರು

ಸರಿಯಾಗಿ ಊಟದ ಹೊತ್ತಿಗೇ ಕಂಪ್ಯೂಟರ್ ಕೈಕೊಟ್ಟಿತು.

ಪುಣೆಯ ಮಗರಪಟ್ಟಾ ಐಟಿ ಪಾರ್ಕಿನ ಗೇಟಿನ ಎದುರಿಗಿದ್ದ ಹೋಟೆಲ್ ಸುಪ್ರಭಾತದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಹುಡುಗ ಹುಡುಗಿಯರು ಬಾಗಿಲಿನಾಚೆಯವರೆಗೆ ನಿಂತಿದ್ದರು. ಗಲ್ಲಾದಲ್ಲಿ ಕೂತ ಚಿತ್ರಾ ಆರ್ಡರ್ ಟೈಪ್ ಮಾಡಿ ಬಟನ್ ಒತ್ತಿದರೆ ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿ ಬರಬೇಕು. ಬರಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಚೌಕವೊಂದು ಮೂಡಿ, ಇಂಗ್ಲಿಷಿನಲ್ಲಿ ಏನೋ ಕ್ಷಮೆ ಕೇಳಿ, ಎಲ್ಲವನ್ನೂ ಕರೆದುಕೊಂಡು ಮಾಯವಾಯಿತು.

ಚಿತ್ರಾ ಬಟನ್ ಮತ್ತೆ ಮತ್ತೆ ಒತ್ತಿದಳು. ಈ ಕಂಪ್ಯೂಟರ್ ಬಂದದ್ದೇ ಅವಳ ಹಟದಿಂದ. ಅಪ್ಪ ಭುಜಂಗ ಶೆಟ್ಟರು ಉಡುಪಿ ಕಡೆಯಿಂದ ಪುಣೆಗೆ ಬಂದು, ಬರೀ ಗಂಟಲಿನ ಬಲದಿಂದ ಹೋಟೆಲು ನಡೆಸಿದವರು. “ಎರಡು ಮಸಾಲೆ!” ಎಂದು ಅವರು ಗಲ್ಲಾದಿಂದ ಕೂಗಿದರೆ ದೋಸೆ ಕಲ್ಲಿನ ಹತ್ತಿರ ಇದ್ದವರು ಬೆಚ್ಚಿಬೀಳುತ್ತಿದ್ದರು. ಬಿ.ಕಾಂ. ಮುಗಿಸಿದ ಮಗಳು “ಗಲ್ಲಾ ನನಗೆ ಬಿಡಿ ಅಪ್ಪ, ನಾನು ನಡೆಸಿ ತೋರಿಸ್ತೇನೆ” ಎಂದಾಗ ಅವರು ನಕ್ಕು ಒಪ್ಪಿದ್ದರು. ಆ ನಗುವಿನಲ್ಲಿ ಅರ್ಧ ನಂಬಿಕೆ, ಅರ್ಧ ಪರೀಕ್ಷೆ.

ಅವಳು ಸಾಫ್ಟ್‌ವೇರ್ ಕೊಟ್ಟ ಕೊಂಢವಾದಲ್ಲಿದ್ದ ಆಫೀಸಿಗೆ ಫೋನ್ ಮಾಡಿದಳು. ಆ ಕಡೆಯಿಂದ ಗಂಡಸಿನ ದನಿ, ಅವಸರವಿಲ್ಲದ ಮರಾಠಿಯಲ್ಲಿ ಕೇಳಿತು: “ಮ್ಯಾಡಮ್, ವ್ಹರ್ಜನ್ ಕುಠಲಂ ಆಹೇ?”

ಯಾವ ವರ್ಶನ್ ಅಂತೆ! ಹಾಕಿ ಹೋದವರು ನೀವು, ನನ್ನನ್ನು ಕೇಳಿದರೆ ಹೇಗೆ ಎಂದಳು ಚಿತ್ರಾ, ಅವಳೂ ಮರಾಠಿಯಲ್ಲೇ. ಹಾಗಾದರೆ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲಿದೆ, ಅದರಲ್ಲಿರುವ ನಂಬರ್ ಓದಿ ಎಂದ ಆತ. ಓದಿದಳು. ಆ ಕಡೆ ಕೀಬೋರ್ಡಿನ ಸದ್ದು. ಆಮೇಲೆ, “ಅದು ಸಾಧ್ಯವೇ ಇಲ್ಲ. ಆ ವರ್ಶನ್‌ನಲ್ಲಿ ಅಡುಗೆಮನೆಗೆ ಪ್ರಿಂಟ್ ಹೋಗುವ ಸೌಲಭ್ಯವೇ ಇಲ್ಲ.”

ಅಷ್ಟರಲ್ಲಿ ದೋಸೆ ಹಾಕುವ ತಾಯಪ್ಪ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಿದ್ದ. ಸಿಂದಗಿ ಕಡೆಯ, ನರೆತ ಮೀಸೆಯ ಮನುಷ್ಯ. “ಅಕ್ಕಾರ, ಚೀಟಿ ಬರವಲ್ದು!” ಎಂದ. ಚಿತ್ರಾ ಫೋನಿಗೆ ಅರ್ಧ ಕೈ ಅಡ್ಡ ಹಿಡಿದು ಕನ್ನಡದಲ್ಲಿ ಹೇಳಿದಳು:

“ಎಂತ ಮಾಡುದು ತಾಯಪ್ಪಣ್ಣ, ಈ ಮನುಷ್ಯನಿಗೆ ತಾನು ಮಾರಿದ್ದು ಎಂತದು ಅಂತಲೇ ಗೊತ್ತಿಲ್ಲ. ಎಮ್ಮೆ ಮಾರಿದವನು ಎಮ್ಮೆಗೆ ಕೋಡು ಉಂಟಾ ಅಂತ ನನ್ನನ್ನೇ ಕೇಳ್ತಾ ಇದ್ದಾನೆ.”

ಫೋನಿನಲ್ಲಿ ಯಾರೋ ಮೆಲ್ಲಗೆ ಕೆಮ್ಮಿದರು.

“ಕೋಡ ಇಲ್ಲದ ಎಮ್ಮಿ ನಾವು ಮಾರಂಗಿಲ್ರಿ ಮೇಡಂ,” ಎಂದಿತು ಆ ದನಿ, ಅಚ್ಚ ಬಿಜಾಪುರದ ಕನ್ನಡದಲ್ಲಿ. “ಸ್ವಲ್ಪ ತಡೀರಿ, ನಾನ ಬಂದು ನೋಡ್ತೀನಿ.”

ಚಿತ್ರಾ ಫೋನ್ ಇಟ್ಟಾಗ ಅವಳ ಕಿವಿಯ ತುದಿಗಳು ಕೆಂಪಗೆ ಸುಡುತ್ತಿದ್ದವು.

ಅವನು ಬಂದಾಗ ಊಟದ ಗಲಾಟೆ ಇಳಿದಿತ್ತು. ಉದ್ದಕ್ಕೆ, ತೆಳ್ಳಗೆ, ಹೆಲ್ಮೆಟ್ಟಿನಿಂದ ಚಪ್ಪಟೆಯಾದ ಕೂದಲು, ಹಣೆಯ ಮೇಲೆ ಅರ್ಧ ಅಳಿಸಿದ ವಿಭೂತಿ. ಗಲ್ಲಾದ ಮುಂದೆ ನಿಂತು ಗಂಭೀರವಾಗಿ ಹೇಳಿದ:

“ನಾನು ಅಮರ ಅಂತ. ಎಮ್ಮಿ ಮಾರಾಂವ.”

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಗುವಾಗ ಅವನು ಕಣ್ಣು ಕೆಳಗೆ ಹಾಕುತ್ತಿದ್ದ, ನಗುವುದಕ್ಕೆ ಯಾರದೋ ಅಪ್ಪಣೆ ಕೇಳುವವನ ಹಾಗೆ. ಅದನ್ನು ಗಮನಿಸಿದ್ದಕ್ಕೆ ಚಿತ್ರಾ ತನ್ನ ಮೇಲೆಯೇ ಮುನಿದು, “ಕಾಫಿಯಾ, ಚಹಾವಾ?” ಎಂದು ಬಿರುಸಾಗಿ ಕೇಳಿದಳು.

ಕಂಪ್ಯೂಟರನ್ನು ಹೇಗೋ ಎಬ್ಬಿಸಿ, ಕಾಫಿ ಕುಡಿಯುತ್ತ ಅವನು ವಿಷಯ ಬಿಡಿಸಿ ಹೇಳಿದ. ಅವರ ಸಾಫ್ಟ್‌ವೇರ್ ಪುಣೆಯ ಎಷ್ಟೋ ಹೋಟೆಲುಗಳಲ್ಲಿತ್ತು. ಒಂದೊಂದು ಕಡೆ ಒಬ್ಬೊಬ್ಬರು ಹೋಗಿ, ಅಲ್ಲಲ್ಲೇ ರಿಪೇರಿ ಮಾಡಿ, ಒಂದು ತುಂಡು ತೆಗೆದು ಇನ್ನೊಂದು ತುಂಡು ಹಾಕಿ ಬಂದಿದ್ದರು. ವರ್ಶನ್ ನಂಬರ್ ಬರೆದಿಡುವ ಫೈಲನ್ನು ಬದಲಿಸಲು ಯಾರಿಗೂ ನೆನಪಿರುತ್ತಿರಲಿಲ್ಲ.

“ಪ್ರೋಗ್ರಾಮ್ ಸಾಯೂ ಮುಂದ ಒಂದು ಫೈಲ್ ಬಿಟ್ಟು ಹೋಗ್ತದ್ರಿ. ಕೊನೀ ಗಳಿಗ್ಯಾಗ ಅದರ ತಲ್ಯಾಗ ಏನಿತ್ತು, ಎಲ್ಲಾ ಅದರಾಗ ಇರ್ತದ. ಆದ್ರ ತಾನು ಯಾರು ಅನ್ನೂದೊಂದು ಇರೂದಿಲ್ಲ. ಸತ್ತಾಂವ ಯಾರಂತ ಗೊತ್ತಾಗದ ಯಾಕ ಸತ್ತ ಅಂತ ಹೆಂಗ ಹೇಳೂದು?”

“ಮತ್ತೆ ಎಂತ ಮಾಡ್ತೀರಿ?”

ಅವನು ಪಾರ್ಸೆಲ್ ಟೇಬಲ್ ಮೇಲೆ ಸಾಲಾಗಿಟ್ಟಿದ್ದ ಡಬ್ಬಿಗಳನ್ನು ನೋಡಿದ. ಮುಚ್ಚಳದ ಮೇಲೆಲ್ಲ ಪೆನ್ನಿನಲ್ಲಿ ಹೆಸರು ಬರೆದಿತ್ತು. ಎರಡು ಮುಚ್ಚಳ ತೆಗೆದು ಅದಲು ಬದಲು ಮಾಡಿ ಮುಚ್ಚಿದ. “ಈಗ ಇದು ಸಾಂಬಾರ್ ಅಂತದ, ಒಳಗ ಚಟ್ನಿ ಅದ. ನಮ್ಮ ನಂಬರ್ ಈಗ ಮುಚ್ಚಳದ ಮ್ಯಾಲದ್ರಿ. ನಾನು ಅದನ್ನ ಒಳಗ ಕಲಸಬೇಕು ಅಂತೀನಿ, ಹಿಟ್ಟಿನಾಗ ಉಪ್ಪು ಕಲಸಿದಂಗ. ಕಂಪೈಲ್ ಮಾಡೂ ಮುಂದನ, ಅಂದ್ರ ಪ್ರೋಗ್ರಾಮ್ ಕಟ್ಟೂ ಮುಂದನ, ಆ ತುಂಡಿನ ಪ್ಯಾಕೇಜ್ ಹೆಸರು, ವರ್ಶನ್, ಕಟ್ಟಿದವರು ಯಾರು, ಯಾವ ಹೋಟೆಲಿಗೆ, ಎಲ್ಲಾ ಅದರ ಹೊಟ್ಟ್ಯಾಗ ಸೇರಿಸಿಬಿಟ್ರ, ಅದು ಎಲ್ಲೇ ಸಾಯಲಿ, ಹೆಸರು ಹೇಳಿ ಸಾಯ್ತದ.”

“ಮುಚ್ಚಳ ಮೊದಲಿದ್ದ ಹಾಗೆ ಹಾಕಿ,” ಎಂದಳು ಚಿತ್ರಾ. “ಗಿರಾಕಿ ನನ್ನನ್ನು ಬೈಯುದು, ನಿಮ್ಮನ್ನಲ್ಲ.”

ಅವನ ಯಜಮಾನ ಸ್ವಪ್ನಿಲನಿಗೆ ಈ ಯೋಚನೆ ಅಷ್ಟೇನೂ ಹಿಡಿಸಲಿಲ್ಲವಂತೆ. ಗಿರಾಕಿಗೆ ಕಾಣದ ಕೆಲಸಕ್ಕೆ ಯಾಕೆ ಹೊತ್ತು ಹಾಳು ಅಂದನಂತೆ. ಆದರೂ ಅಮರ ಬಿಡಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಒಂದೊಂದೇ ತುಂಡನ್ನು ಹೊಸದಾಗಿ ಕಟ್ಟಿ, ಒಂದೊಂದೇ ಹೋಟೆಲಿಗೆ ಹೋಗಿ ಹಾಕಿ ಬರತೊಡಗಿದ. ಸುಪ್ರಭಾತಕ್ಕೆ ಮಾತ್ರ ಅವನ ಸರದಿ ಪದೇ ಪದೇ ಬರುತ್ತಿತ್ತು. ಯಾಕೆ ಎಂದು ಚಿತ್ರಾ ಕೇಳಲಿಲ್ಲ.

ಅವನು ಬರುವುದು ಸಾಮಾನ್ಯವಾಗಿ ನಾಲ್ಕರ ಹೊತ್ತಿಗೆ, ಮೇಜುಗಳೆಲ್ಲ ಖಾಲಿಯಿರುವಾಗ. ಗಲ್ಲಾದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅವಳು ವೀಳ್ಯದೆಲೆ ಎಣಿಸುವ ನೆವದಲ್ಲಿ ಅವನ ಬೆರಳು ನೋಡುತ್ತಿದ್ದಳು. ಅವನು ಪರದೆ ನೋಡುತ್ತಿದ್ದ. ಒಂದು ದಿನ ಪರದೆ ಕಪ್ಪಾದಾಗ ಅವಳಿಗೆ ಗೊತ್ತಾಯಿತು, ಆ ಕಪ್ಪು ಗಾಜಿನಲ್ಲಿ ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಅದನ್ನು ಮತ್ತೆ ಆನ್ ಮಾಡುವ ಅವಸರದಲ್ಲೇನೂ ಇರಲಿಲ್ಲ.

“ಸಾಂಬಾರ್ ಅದ ಏನ್ರಿ?” ಎಂದು ಕೇಳುತ್ತಿದ್ದ.

“ಉಂಟು.”

“ಉಂಡೋರು ನೀವು. ನನಗಿನ್ನೂ ಹಸಿವಿ ಅದ.”

“ಅಯ್ಯೋ ಎಂಜಿನಿಯರ್ರೇ, ಉಂಟು ಅಂದ್ರೆ ನಿಮ್ಮ ‘ಅದ’.”

“ಅದ ಅಂದ್ರ ಅದ. ಅದಕ್ಯಾಕ ಉಣ್ಣೂದು ಹಚ್ಚಿದ್ರಿ?”

ಅವನಪ್ಪ ಮುರುಗೆಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೇಳೆ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರು, ಅವ್ವ ರುದ್ರವ್ವ, ಮನೆ ಕೊಂಢವಾದಲ್ಲಿ, ಅವನು ಹುಟ್ಟಿದ್ದೇ ಪುಣೆಯಲ್ಲಿ ಎಂಬುದೆಲ್ಲ ಹೀಗೆ ಬಿಡಿಬಿಡಿಯಾಗಿ ಅವಳಿಗೆ ತಿಳಿಯಿತು. ಹುಟ್ಟಿದ್ದು ಪುಣೆಯಾದರೂ ಅವನ ಕನ್ನಡಕ್ಕೆ ಮಾತ್ರ ಸೊಲ್ಲಾಪುರದ ಆಚೆಯ ಧೂಳು ಹಾಗೇ ಅಂಟಿಕೊಂಡಿತ್ತು. ಅವಳಿಗೆ ಅದು ಇಷ್ಟವಾಗತೊಡಗಿತ್ತು.

ಅಂಥ ಒಂದು ಮಧ್ಯಾಹ್ನ ತಾಯಪ್ಪ ಅಡುಗೆಮನೆಯಿಂದ ಚೀಟಿ ಹಿಡಿದು ಬಂದು, “ಇದೇನಂತ ಓದ್ರಿ ಅಕ್ಕಾರ, ಸಪ್ಲಾಯರ್ ಯಾರೂ ಇಲ್ಲ,” ಎಂದ. ಅವನಿಗೆ ಕನ್ನಡ ಓದಲು ಬರುತ್ತಿತ್ತು, ಚೀಟಿ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ಚಿತ್ರಾ ಓದಿ ಹೇಳಿದಳು. ಅಮರ ಸುಮ್ಮನೆ ನೋಡುತ್ತಿದ್ದ.

ಮುಂದಿನ ಸಲ ಬಂದಾಗ ಅವನು ಏನನ್ನೋ ಹಾಕಿ, “ಒಂದು ಆರ್ಡರ್ ಹೊಡೀರಿ,” ಎಂದ. ಅವಳು ಟೈಪ್ ಮಾಡಿದಳು. ಅಡುಗೆಮನೆಯಲ್ಲಿ ಪ್ರಿಂಟರ್ ಎಂದಿಗಿಂತ ನಿಧಾನವಾಗಿ ಕಿರ್ರೆಂದಿತು. ಕೂಡಲೇ ತಾಯಪ್ಪನ ದನಿ, ಅಂಗನವಾಡಿಯ ಮಕ್ಕಳು ಓದುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ: “ಮ-ಸಾ-ಲೆ ದೋ-ಸೆ... ಎರಡು! ಅಕ್ಕಾರ, ಕನ್ನಡ! ಕನ್ನಡ ಬಂತ್ರೀ!”

ಚಿತ್ರಾ ಕಣ್ಣರಳಿಸಿ ಅಮರನ ಕಡೆ ತಿರುಗಿದಳು. “ಈ ಹಳೇ ಪ್ರಿಂಟರಿಗೆ ಕನ್ನಡ ಬರ್ತದಾ?”

“ಅಕ್ಷರ ಬರೂದಿಲ್ರಿ. ನಾನು ಶಬ್ದಾನ ಚಿತ್ರದಂಗ ಬರದು ಕಳಸ್ತೀನಿ. ಅದು ಚುಕ್ಕಿ ಚುಕ್ಕಿ ಹೊಡೀತದ, ತಾಯಪ್ಪಗ ಅಕ್ಷರ ಕಾಣ್ತದ.” ಆಮೇಲೆ ದನಿ ತಗ್ಗಿಸಿ, “ಆಫೀಸಿನ್ಯಾಗ ಇದನ್ನ ಯಾರಿಗೂ ಹೇಳಿಲ್ಲ. ಇದು ನಿಮ್ಮ ಹೋಟೆಲಿಗೆ ಅಷ್ಟ,” ಎಂದ.

ಆ ದಿನದಿಂದ ಅವರಿಗೊಂದು ಕೆಲಸ ಸಿಕ್ಕಿತು. ತಿಂಡಿಗಳ ಹೆಸರನ್ನೆಲ್ಲ ಕನ್ನಡದಲ್ಲಿ ಸೇರಿಸಬೇಕು. ಅವಳು ಹೇಳುವುದು, ಅವನು ಬರೆಯುವುದು. ಕೆಲವೊಮ್ಮೆ ಕೀಬೋರ್ಡಿನ ಮೇಲೆ ಇಬ್ಬರ ಕೈಯೂ ಒಂದೇ ಅಕ್ಷರಕ್ಕೆ ಹೋಗಿ, ಇಬ್ಬರೂ ಸುಟ್ಟವರಂತೆ ಹಿಂದೆ ತೆಗೆದುಕೊಳ್ಳುತ್ತಿದ್ದರು. ಯಾರೂ ಕ್ಷಮೆ ಕೇಳುತ್ತಿರಲಿಲ್ಲ.

ಚೌತಿ ಹತ್ತಿರ ಬಂತು. ಒಂದು ದಿನ ಭುಜಂಗ ಶೆಟ್ಟರು ಮಗಳಿಗೆ ಹೇಳಿದರು: ಹಬ್ಬ ಮುಗಿದ ಮೇಲೆ ಮುಂಬೈಯಿಂದ ಹುಡುಗನ ಕಡೆಯವರು ಬರುತ್ತಾರೆ, ಘಾಟ್ಕೋಪರಿನಲ್ಲಿ ಹೋಟೆಲಿದೆ, ಒಳ್ಳೆ ಜನ. ಚಿತ್ರಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಾರನೆಯ ದಿನ ಅಮರ ಬಂದಾಗ, ಬಿಲ್ಲಿನ ಕಾಗದದ ಸುರುಳಿ ಬದಲಿಸುತ್ತ, ಯಾವುದೋ ಗಿರಾಕಿಯ ಸುದ್ದಿ ಹೇಳುವಂತೆ ಹೇಳಿದಳು.

“ಚೌತಿ ಕಳೆದು ಮುಂಬೈಯಿಂದ ಜನ ಬರ್ತಾರಂತೆ. ನನ್ನನ್ನು ನೋಡ್ಲಿಕ್ಕೆ.”

ಅವನ ಬೆರಳು ನಿಂತವು.

“ಹೌದ್ರಿ?” ಎಂದ. ಅಷ್ಟೇ. ಕಾಫಿ ಅರ್ಧ ಬಿಟ್ಟು ಎದ್ದುಹೋದ.

ಆಮೇಲೆ ಅವನು ಬರಲಿಲ್ಲ. ಬೇರೆ ಹೋಟೆಲುಗಳಲ್ಲಿ ಕೆಲಸ ಎಂದು ಆಫೀಸಿನವರು ಹೇಳಿದರು. ಚಿತ್ರಾಳಿಗೆ ಸಿಟ್ಟು ಬಂತು. ಸಪ್ಲಾಯರುಗಳ ಮೇಲೆ ಬಂತು, ಪ್ರಿಂಟರ್ ಮೇಲೆ ಬಂತು. ನಾಲ್ಕು ಗಂಟೆಗೆ ಬೈಕಿನ ಸದ್ದು ಕೇಳಿದರೆ ಕತ್ತು ತಾನಾಗಿ ಬಾಗಿಲಿನ ಕಡೆ ತಿರುಗುತ್ತಿತ್ತು, ಅದಕ್ಕೆ ಕತ್ತಿನ ಮೇಲೂ ಬಂತು. ಹೌದ್ರಿ ಅಂತೆ, ಹೌದ್ರಿ! ಅದು ಎಂತ ಮಾತು?

ಚೌತಿಯ ವಾರದ ಭಾನುವಾರ ಹೋಟೆಲು ಉಕ್ಕಿ ಹರಿಯುತ್ತಿತ್ತು. ಮಂಟಪಗಳ ಗಣಪತಿ ನೋಡಲು ಹೊರಟವರೆಲ್ಲ ಮೊದಲು ಹೊಟ್ಟೆ ನೋಡಿಕೊಳ್ಳಲು ಬಂದಂತಿತ್ತು. ಆ ಗಡಿಬಿಡಿಯ ನಡುವೆ ಪರದೆ ಮತ್ತೆ ಬೂದು ಚೌಕ ತೋರಿಸಿತು. ಆದರೆ ಈ ಸಲ ಚೌಕ ಮಾಯವಾಗಲಿಲ್ಲ, ಅದರೊಳಗೆ ನಾಲ್ಕು ಸಾಲುಗಳಿದ್ದವು.

ಚಿತ್ರಾ ಫೋನ್ ಮಾಡಿದಳು. ಎತ್ತಿದವನು ಸ್ವಪ್ನಿಲ್. ಅಮರ ಹಡಪ್ಸರದ ಹೋಟೆಲೊಂದರಲ್ಲಿದ್ದಾನೆ, ಪರದೆಯ ಮೇಲೆ ಏನು ಬಂದಿದೆ ಓದಿ ಎಂದ ಮರಾಠಿಯಲ್ಲಿ. ಪಕ್ಕದಲ್ಲೇ ಭುಜಂಗ ಶೆಟ್ಟರು ಬಂದು ನಿಂತು, “ದಾದ ಆಂಡ್ ಮಗಾ?” ಎಂದು ತುಳುವಿನಲ್ಲಿ ಏನಾಯಿತೆಂದು ವಿಚಾರಿಸುತ್ತಿದ್ದರು. ಅವಳು ಕೈಸನ್ನೆಯಿಂದ ತಡೆದು ಪರದೆಯ ಕಡೆ ಬಗ್ಗಿದಳು.

“ಪ್ಯಾಕೇಜ್ ನೇಮ್...” ಎಂದು ಶುರುಮಾಡಿ ನಿಂತಳು.

“ಹಾಂ, ಹೇಳಿ.”

“ಚಿತ್ರಾ.”

“ನಿಮ್ಮ ಹೆಸರಲ್ಲ ಮ್ಯಾಡಮ್. ಪರದೆಯ ಮೇಲಿರುವ ಹೆಸರು.”

“ಪರದೆಯ ಮೇಲೆ ಅದೇ ಇದೆ.”

“ಮುಂದೆ?”

“ವರ್ಶನ್ ಏಳು. ಬಿಲ್ಟ್ ಬೈ... ಅಮರ. ಬಿಲ್ಟ್ ಫಾರ್, ಸುಪ್ರಭಾತ.”

ತನ್ನ ಹೆಸರನ್ನು ತಾನೇ ಓದುವಾಗ ಅವಳ ದನಿ ಎಲ್ಲೋ ಒಡೆಯಿತು. ಅಪ್ಪನ ಕಣ್ಣು ಪರದೆಯಿಂದ ಅವಳ ಮುಖಕ್ಕೆ, ಅವಳ ಮುಖದಿಂದ ಪರದೆಗೆ ಹೋಗಿ ಬಂತು.

“ಆ ಹೆಸರಿನ ಪ್ಯಾಕೇಜು ನಮ್ಮ ಆಫೀಸಿನಲ್ಲಿ ಇಲ್ಲವೇ ಇಲ್ಲ,” ಎಂದ ಸ್ವಪ್ನಿಲ್, ಬಿಗಿದ ದನಿಯಲ್ಲಿ. “ನಾನೇ ಬರುತ್ತೇನೆ, ಅಮರನನ್ನೂ ಕರೆತರುತ್ತೇನೆ.”

ಅವರು ಬರುವವರೆಗೆ ಚಿತ್ರಾ ಕೈಯಲ್ಲೇ ಕನ್ನಡದ ಚೀಟಿ ಬರೆದು ಒಳಗೆ ಕಳಿಸಿದಳು. ಅಕ್ಷರಗಳು ವಕ್ರವಾಗುತ್ತಿದ್ದವು. ಶೆಟ್ಟರು ಒಂದು ಮಾತೂ ಆಡದೆ ಗಿರಾಕಿಗಳನ್ನು ಕೂರಿಸುತ್ತಿದ್ದರು. ಮಾತಾಡದ ಶೆಟ್ಟರನ್ನು ಹೋಟೆಲಿನವರು ಅದುವರೆಗೆ ನೋಡಿರಲಿಲ್ಲ.

ಸ್ವಪ್ನಿಲನೂ ಅಮರನೂ ಒಟ್ಟಿಗೇ ಒಳಗೆ ಬಂದರು. ಸ್ವಪ್ನಿಲ್ ಪರದೆ ತೋರಿಸಿ, “ಇದೇನು?” ಎಂದ. ಅಮರ ನೋಡಿದ. ಒಂದೇ ಒಂದು ಕ್ಷಣ ಚಿತ್ರಾಳ ಕಡೆ ನೋಡಿ, ತಕ್ಷಣ ಕಣ್ಣು ಕಿತ್ತುಕೊಂಡ.

“ಕನ್ನಡ ಚೀಟಿ ಪ್ರಿಂಟ್ ಮಾಡುವ ತುಂಡು ಸರ್,” ಎಂದ ಮರಾಠಿಯಲ್ಲಿ. “ಈ ಪ್ರಿಂಟರಿಗೆ ಅಕ್ಷರ ಗೊತ್ತಿಲ್ಲ, ಚಿತ್ರ ಮಾಡಿ ಕಳಿಸಬೇಕು. ಅದಕ್ಕೇ ಚಿತ್ರ ಅಂತ ಹೆಸರಿಟ್ಟೆ. ಇಂಗ್ಲಿಷಿನಲ್ಲಿ ಬರೆದಾಗ ಚಿತ್ರ, ಚಿತ್ರಾ ಎರಡೂ ಒಂದೇ ಥರ ಕಾಣುತ್ತವೆ.”

ಮರಾಠಿಯಲ್ಲೂ ಚಿತ್ರ ಚಿತ್ರವೇ. ಸ್ವಪ್ನಿಲ್ ತಲೆಯಾಡಿಸಿದ. ಶೆಟ್ಟರು ಉದ್ದಕ್ಕೆ ಉಸಿರು ಬಿಟ್ಟು, “ಹ್ಞೂಂ,” ಎಂದರು.

ಎಲ್ಲ ಸರಿಹೋಯಿತು. ಚಿತ್ರಾಳಿಗೂ ಸಮಾಧಾನವಾಗಬೇಕಿತ್ತು. ಆದರೆ ಎದೆಯೊಳಗೆ ಯಾರೋ ದೀಪ ಹಚ್ಚಿ, ನೋಡುವಷ್ಟರಲ್ಲಿ ಊದಿದಂತಾಯಿತು. ಬರೀ ಪ್ರಿಂಟರಿನ ಚಿತ್ರವೇ?

ಅಮರ ಸ್ಟೂಲಿನ ಮೇಲೆ ಕೂತ. ಸತ್ತದ್ದು ಯಾವ ತುಂಡು ಎಂದು ಗೊತ್ತಿದ್ದರಿಂದ ಹುಡುಕುವ ಕೆಲಸವೇ ಇರಲಿಲ್ಲ. “ಇವತ್ತು ಹೊಸಾದೇನರ ಸೇರಿಸೀರೇನ್ರಿ?” ಎಂದು ಅವಳ ಮುಖ ನೋಡದೆ ಕೇಳಿದ. ಸೇರಿಸಿದ್ದಳು. ಹಬ್ಬದ ವ್ರತದವರಿಗೆಂದು ಬೆಳಿಗ್ಗೆ ತಾನೇ ‘ಈರುಳ್ಳಿ ಬೆಳ್ಳುಳ್ಳಿ ಹಾಕದೆ ಮಾಡುವುದು’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದಳು. ಚೀಟಿಯ ಅಗಲಕ್ಕಿಂತ ಚಿತ್ರ ಉದ್ದವಾಗಿತ್ತು. ಅಷ್ಟು ಉದ್ದ ಯಾರೂ ಬರೆಯಲಾರರು ಎಂದುಕೊಂಡಿದ್ದು ಅವನ ತಪ್ಪು. ಸಾಲನ್ನು ಎರಡಾಗಿ ಮುರಿಯುವಂತೆ ತಿದ್ದಿದ. ಪ್ರಿಂಟರ್ ಕಿರ್ರೆಂದಿತು. ತಾಯಪ್ಪ ಒಳಗಿನಿಂದ “ಬಂತು!” ಎಂದು ಕೂಗಿದ.

“ಮೊದಲಿನ ಹಾಗಿದ್ದರೆ ಏನು ಸತ್ತಿದೆ ಅಂತ ಹುಡುಕುವುದರಲ್ಲೇ ಹಬ್ಬ ಮುಗಿದಿರುತ್ತಿತ್ತು,” ಎಂದು ಸ್ವಪ್ನಿಲ್ ಒಪ್ಪಿಕೊಂಡ. ಆದರೆ ಅಲ್ಲಿಗೇ ಬಿಡಲಿಲ್ಲ. “ನನಗೆ ಹೇಳದೆ ಗಿರಾಕಿಯ ಹೋಟೆಲಿನಲ್ಲಿ ನಿನ್ನ ಸ್ವಂತ ತುಂಡು ಹಾಕಿದ್ದು ಸರಿಯಲ್ಲ ಅಮರ. ಈಗಲೇ ತೆಗೆ. ನಾಳೆಯಿಂದ ಇಂಗ್ಲಿಷ್ ಚೀಟಿ. ನಿನ್ನ ಕೆಲಸದ ವಿಷಯ ಆಮೇಲೆ ಮಾತಾಡೋಣ.”

ಅಡುಗೆಮನೆಯ ಬಾಗಿಲಲ್ಲಿ ತಾಯಪ್ಪ ಕೆಳಗೆ ಮುಖ ಹಾಕಿ ನಿಂತಿದ್ದ. ಅಮರ ಕೀಬೋರ್ಡಿನ ಕಡೆ ಕೈ ಚಾಚಿದ.

“ತಡೆ,” ಎಂದರು ಶೆಟ್ಟರು. ಗಲ್ಲಾದಿಂದ ಅಡುಗೆಮನೆಗೆ ಕೂಗುತ್ತಿದ್ದ ಅದೇ ಗಂಟಲು. ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವರು ದನಿ ತಗ್ಗಿಸಿ, ತಮ್ಮ ಕರಾವಳಿಯ ರಾಗದ ಮರಾಠಿಯಲ್ಲಿ ಸ್ವಪ್ನಿಲನಿಗೆ ಹೇಳಿದರು: “ಚೀಟಿ ಕನ್ನಡದಲ್ಲೇ ಇರಲಿ. ಪುಣೆಯಲ್ಲಿ ನಮ್ಮವರ ಹೋಟೆಲು ಎಷ್ಟಿವೆ ಗೊತ್ತುಂಟಾ? ಅವುಗಳ ಅಡುಗೆಮನೆಯಲ್ಲೆಲ್ಲ ಹೋಗಿ ನೋಡಿ, ಎಲ್ಲ ಕಡೆ ಒಬ್ಬ ತಾಯಪ್ಪ ಇರ್ತಾನೆ. ಇದನ್ನು ತೆಗೆಯುವ ಬದಲು ಸರಿಯಾಗಿ ಮಾಡಿ ಎಲ್ಲರಿಗೂ ಕೊಡಿ. ಹೇಳುವ ಕಡೆಗೆಲ್ಲ ನಾನು ಹೇಳ್ತೇನೆ. ಈ ಹುಡುಗನನ್ನು ಕೆಲಸದಿಂದ ತೆಗೆದರೆ ಮಾತ್ರ ಯಾರಿಗೂ ಹೇಳುದಿಲ್ಲ.”

ಸ್ವಪ್ನಿಲ್ ನಕ್ಕುಬಿಟ್ಟ. ಸರಿ, ಆಫೀಸಿನ ಲೆಕ್ಕದಲ್ಲೇ ಸೇರಿಸೋಣ, ಆದರೆ ಹೆಸರು ಬದಲಿಸು ಎಂದ. ಗಿರಾಕಿಗೆ ಅರ್ಥವಾಗುವ ಹೆಸರಿಡು.

ಚೌತಿಯ ಗಣಪತಿಗಳೆಲ್ಲ ನೀರಿಗೆ ಹೋದ ಮೇಲೆ ಅಮರ ಹೊಸ ವರ್ಶನ್ ತಂದ. ನಾಲ್ಕರ ಹೊತ್ತು. ಸಪ್ಲಾಯರುಗಳು ಹಿಂದಿನ ಕೋಣೆಯಲ್ಲಿ ಕಾಲು ಚಾಚಿದ್ದರು. ಹಾಕುವುದನ್ನು ಹಾಕಿ, ಒಳಗೆ ಸೇರಿಸಿದ ವಿವರ ಸರಿಯಾಗಿದೆಯೇ ಎಂದು ಪರದೆಗೆ ತರಿಸಿ ನೋಡಿದ. ಚಿತ್ರಾ ಪಕ್ಕದಿಂದ ಬಗ್ಗಿದಳು. ಹೆಸರಿದ್ದ ಜಾಗದಲ್ಲಿ ‘ಕನ್ನಡ ಚೀಟಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿತ್ತು.

“ನನ್ನ ಹೆಸರು ತೆಗೆದ್ರಾ?”

“ಅದು ನಿಮ್ಮ ಹೆಸರಲ್ಲ ಅಂತ ಅವತ್ತ ಹೇಳಿದ್ನೆಲ್ರಿ.”

“ಹೇಳಿದ್ರಿ. ನಾನು ನಂಬಿದೆ ಅಂತ ಹೇಳಿದ್ನಾ?”

ಅವನು ಮೌಸನ್ನು ಅತ್ತ ಸರಿಸಿದ, ಇತ್ತ ಸರಿಸಿದ. ಮೇಲಿನ ಫ್ಯಾನು ಟಕಟಕ ಎನ್ನುತ್ತಿತ್ತು.

“ಮೊದಲಿನ ಎರಡು ವರ್ಶನ್‌ಗೆ ‘ಪಿಕ್ಚರ್’ ಅಂತ ಹೆಸರಿತ್ತು,” ಎಂದ ಕೊನೆಗೆ.

“ಮೂರನೇದಕ್ಕೆ?”

“ಮೂರನೇದು ಕಟ್ಟೂ ದಿವಸ ನೀವು ಇಲ್ಲಿ ಕುಂತು, ಒಗ್ಗರಣೆಗೆ ಎಷ್ಟು ಗ ಬೇಕು ಅಂತ ತಾಯಪ್ಪನ ಜೋಡಿ ಜಗಳ ತಗದಿದ್ರಿ. ಪೆನ್ನು ಕೂದಲಾಗ ಸಿಗಿಸಿಕೊಂಡು, ಅದನ್ನ ಎಲ್ಲಾ ಕಡೆ ಹುಡುಕಾಕತ್ತಿದ್ರಿ. ಮನಿಗೆ ಹೋಗಿ ಹೆಸರು ಬದಲಿ ಮಾಡಿದೆ.”

ಚಿತ್ರಾಳ ಕೈ ತಾನಾಗಿ ಕೂದಲಿಗೆ ಹೋಯಿತು. ಈ ದಿನ ಅಲ್ಲಿ ಪೆನ್ನಿರಲಿಲ್ಲ.

“ಮುಂಬೈ ಸುದ್ದಿ ಹೇಳಿದಾಗ ‘ಹೌದ್ರಿ’ ಅಂತ ಎದ್ದು ಹೋದವರು ಯಾರು ಹಾಗಾದ್ರೆ?”

“ಮತ್ತೇನ ಅನ್ನಬೇಕಿತ್ರಿ? ಕೇಳಾಕ ನನಗ ಏನು ಹಕ್ಕಿತ್ತು?”

“ಕೇಳಿದ್ರೆ ತಾನೇ ಹಕ್ಕು ಉಂಟಾ ಇಲ್ವಾ ಅಂತ ಗೊತ್ತಾಗುದು!” ದನಿ ಏರಿದ್ದು ಅವಳಿಗೇ ಗೊತ್ತಾಗಿ ತಗ್ಗಿಸಿದಳು. “ಹೋಗಲಿ. ಈಗ ಹೆಸರು ಯಾಕೆ ತೆಗೆದ್ರಿ? ಸ್ವಪ್ನಿಲ್ ಹೇಳಿದ್ದಕ್ಕಾ?”

ಅಮರ ತಲೆಯೆತ್ತಿ ಅವಳನ್ನೇ ನೋಡಿದ. ಈ ಸಲ ಕಣ್ಣು ಕೆಳಗೆ ಹಾಕಲಿಲ್ಲ.

“ಅವರು ಹೇಳಿರದಿದ್ರೂ ತಗೀತಿದ್ದೆ. ಅದರಾಗಿನ ಹೆಸರು ಹೊರಗ ಬರೂದು ಏನರ ಕೆಟ್ಟು ನಿಂತಾಗ ಅಷ್ಟ. ನಿಮ್ಮ ಹೆಸರು ಹಂಗ ಕೇಳೂದು ನನಗ ಸೇರಲಿಲ್ಲ. ಎಲ್ಲಾ ಛಲೋ ಇದ್ದಾಗ, ದಿನಾ, ನಾನ ಕರೀಬೇಕು ಅನಸ್ತು.”

ಹೊರಗೆ ಕಂಪನಿ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ಚಿತ್ರಾ ಪರದೆಯ ಮೇಲಿನ ‘ಕನ್ನಡ ಚೀಟಿ’ಯನ್ನು ಇನ್ನೊಮ್ಮೆ ಓದಿದಳು.

“ಈಗ ಎಲ್ಲ ಚೆನ್ನಾಗಿಯೇ ಉಂಟಲ್ಲ,” ಎಂದಳು ಮೆಲ್ಲಗೆ. “ಕರೀರಿ.”

“ಚಿತ್ರಾ,” ಎಂದ ಅವನು. ಮೇಡಂ ಇಲ್ಲ, ರೀ ಇಲ್ಲ.

“ಹಾಂ,” ಎಂದಳು ಅವಳು. ಆ ಒಂದು ಹಾಂ ಸಾಕಾಯಿತು.

ಅಪ್ಪನಿಗೆ ಅವಳೇ ಹೇಳಿದಳು, ಬೇರೆಯವರ ಬಾಯಿಂದ ಬರುವ ಮೊದಲೇ. ಮುಂಬೈಯವರಿಗೆ ಬರಬೇಡಿ ಎನ್ನಿ ಎಂದಳು. ಶೆಟ್ಟರು ಕೂಗಾಡಲಿಲ್ಲ. “ಅವರು ಲಿಂಗಾಯತರು ಮಗಾ. ನಮ್ಮ ಮನೆಯಲ್ಲಿ ಮೀನಿಲ್ಲದೆ ಊಟ ಇಲ್ಲ. ಎರಡು ದಿನ ಚೆಂದ, ಆಮೇಲೆ?” ಎಂದು ಎದ್ದುಹೋದರು. ಎಷ್ಟೋ ದಿನ ಗಲ್ಲಾದ ಹತ್ತಿರ ಸುಳಿಯಲಿಲ್ಲ. ಅಮ್ಮ ಹರಿಣಾಕ್ಷಿ ಇಬ್ಬರ ನಡುವೆ ತಟ್ಟೆ ಇಡುತ್ತ, ತಟ್ಟೆ ತೆಗೆಯುತ್ತ ಓಡಾಡಿದರು.

ಅಮರ ತಾನಾಗಿಯೇ ಒಂದು ಬೆಳಿಗ್ಗೆ ಬಂದು ಶೆಟ್ಟರ ಎದುರಿನ ಕುರ್ಚಿಯಲ್ಲಿ ಕೂತ. ಚಿತ್ರಾ ಗಲ್ಲಾದಿಂದಲೇ ಕಿವಿಗೊಟ್ಟಳು.

“ಒಂದು ಕೇಳ್ತೇನೆ,” ಎಂದರು ಶೆಟ್ಟರು. “ಅವತ್ತು ನನ್ನ ಮುಂದೆ ನಿಂತು ಚಿತ್ರ ಅಂದ್ರೆ ಬರೀ ಪ್ರಿಂಟರಿನ ಚಿತ್ರ ಅಂದೆಯಲ್ಲ. ಸುಳ್ಳು ಯಾಕೆ ಹೇಳಿದೆ?”

“ಸುಳ್ಳಲ್ರಿ ಶೆಟ್ರ. ಅರ್ಧಾ ಖರೇನ ಇತ್ತು.”

“ಉಳಿದರ್ಧ?”

“ಅದನ್ನ ಮೊದಲ ಅವರಿಗೆ ಹೇಳಬೇಕಿತ್ರಿ. ಅಷ್ಟು ಮಂದಿ ಮುಂದ, ನಿಮ್ಮ ಮುಂದ, ನಾನು ಹೇಳಿಬಿಟ್ಟಿದ್ರ ಅವರು ಹೌದು ಅನ್ನಾಕೂ ಆಗ್ತಿರಲಿಲ್ಲ, ಅಲ್ಲ ಅನ್ನಾಕೂ ಆಗ್ತಿರಲಿಲ್ಲ. ಸಿಕ್ಕಿಬೀಳ್ತಿದ್ರು.”

ಶೆಟ್ಟರು ಒಳಗೆ ತಿರುಗಿ, ಹಳೆಯ ಗಂಟಲಿನಲ್ಲಿ ಕೂಗಿದರು: “ತಾಯಪ್ಪಾ! ಎರಡು ಮಸಾಲೆ!”

ಚೀಟಿಯಿಲ್ಲದ ಆರ್ಡರು. ಚಿತ್ರಾ ಕಣ್ಣೊರೆಸಿಕೊಳ್ಳುತ್ತ ಅದನ್ನು ಟೈಪ್ ಮಾ‌ಡುವುದನ್ನೇ ಮರೆತಳು.

ದೀಪಾವಳಿಗೆ ಮುಂಚಿನ ಭಾನುವಾರ ಮುರುಗೆಪ್ಪನವರೂ ರುದ್ರವ್ವನೂ ಶೆಟ್ಟರ ಮನೆಗೆ ಊಟಕ್ಕೆ ಬಂದರು. ರುದ್ರವ್ವ ಸೋಫಾದ ತುದಿಯಲ್ಲಿ, ತೊಡೆಯ ಮೇಲೆ ಬಿಳಿ ಬಟ್ಟೆಯ ಗಂಟಿಟ್ಟುಕೊಂಡು ಕೂತಿದ್ದರು. ಗಂಟಿನಲ್ಲೇನಿದೆ ಎಂದು ಯಾರೂ ಕೇಳಲಿಲ್ಲ, ಅದನ್ನು ಕೆಳಗಿಡಿ ಎಂದೂ ಯಾರೂ ಅನ್ನಲಿಲ್ಲ. ಮುರುಗೆಪ್ಪ ಮತ್ತು ಶೆಟ್ಟರು ತೊಗರಿಬೇಳೆಯ ದರದ ಬಗ್ಗೆ ಮಾತಾಡಿ, ಅದು ಮುಗಿದ ಮೇಲೆ ಮತ್ತೆ ಮೊದಲಿಂದ ಶುರುಮಾಡಿದ್ದರು. ಅಮರ ನೀರು ಕುಡಿದ, ಮತ್ತೆ ಕುಡಿದ. ಚಿತ್ರಾ ಅಡುಗೆಮನೆಯ ಬಾಗಿಲಿನಿಂದ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದಳು.

ಕಡೆಗೆ ರುದ್ರವ್ವ ಎದ್ದು, “ನೀರು ಬೇಕಿತ್ತು,” ಎಂದು ಅಡುಗೆಮನೆಗೆ ಬಂದರು. ಗಂಟು ಕೈಯಲ್ಲೇ ಇತ್ತು. ಒಲೆಯ ಮೇಲೆ ಎರಡು ಪಾತ್ರೆ, ಒಂದು ಬಾಣಲೆ, ಕಟ್ಟೆಯ ಮೇಲೆ ಸಟ್ಟುಗ, ಸೌಟು, ಎಲ್ಲ ಹೊಳೆಯುತ್ತಿದ್ದವು. ಹರಿಣಾಕ್ಷಿ ಬಡಿಸಲೆಂದು ಪಾತ್ರೆ ಎತ್ತಿದಾಗ ಅದರ ಬದಿಯಲ್ಲಿ ಅಂಗಡಿಯ ಸ್ಟಿಕರ್ ಅರ್ಧ ಕಿತ್ತು ಅರ್ಧ ಅಂಟಿಕೊಂಡಿತ್ತು.

ರುದ್ರವ್ವ ಅದನ್ನು ನೋಡಿದರು. ಒಲೆ ನೋಡಿದರು. ಒಲೆಯೂ ಹೊಸದು.

“ಎಲ್ಲಾ ಹೊಸಾವ ತಂದೀರಿ?”

“ನಿನ್ನೆ ತಂದದ್ದು,” ಎಂದರು ಹರಿಣಾಕ್ಷಿ, ಸ್ವಲ್ಪ ನಾಚಿಕೊಂಡು. “ಇವುಗಳಿಗೆ ಮೀನು ಮುಟ್ಟಿಸಿಲ್ಲ, ಮುಟ್ಟಿಸುದೂ ಇಲ್ಲ. ನೀವು ಬರುವಾಗೆಲ್ಲ ಇರಲಿ ಅಂತ.”

ರುದ್ರವ್ವ ಕಟ್ಟೆಯ ಮೇಲೆ ಗಂಟಿಟ್ಟು ಬಿಚ್ಚಿದರು. ಒಳಗೆ ಒಂದರ ಮೇಲೊಂದು ಜೋಳದ ರೊಟ್ಟಿ, ಬದನೆಕಾಯಿ ಪಲ್ಯದ ಡಬ್ಬಿ.

“ಇಲ್ಲಿ ಉಣ್ಣಾಕ ಆಗಲಿಕ್ಕಿಲ್ಲ ಅಂತ ನಮಗ ಕಟಗೊಂಡು ಬಂದಿದ್ದೆ,” ಎಂದರು. ಮುಖ ಹರಿಣಾಕ್ಷಿಯ ಕಡೆಗಿದ್ದರೂ ಕೈ ಚಿತ್ರಾಳ ಭುಜದ ಮೇಲೆ ಬಂದಿತ್ತು. “ತಗೋರಿ, ಇವನ್ನ ನೀವು ಉಣ್ರಿ. ನಮಗ ನಿಮ್ಮ ಮನೀದು ಬಡಸ್ರಿ.”